ಬೀಗರನ್ನು ತಡೆಯುವ ಬಗೆ

ವಾರದಲ್ಲಿ ಆರು ದಿನ ನಮ್ಮನೆಯವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಭಾನುವಾರ ಬೆಳಿಗ್ಗೆ ಮಾತ್ರ ಗೋಲ್ ಕೀಪರು. ಮದುವೆಯಾಗಿ ಕೃಷ್ಣಮೂರ್ತಿಪುರಂನ ಈ ಮನೆಗೆ ಬಂದ ಹೊಸದರಲ್ಲಿ, ಇದು ಮಕ್ಕಳಾಗುವ ತನಕದ ಹುಚ್ಚು ಅಂತ ನಮ್ಮತ್ತೆ ಸಮಾಧಾನ ಹೇಳಿದ್ದರು. ಮಗಳು ಹುಟ್ಟಿದಳು, ಓದಿದಳು, ಕೆಲಸಕ್ಕೂ ಸೇರಿದಳು. ಭಾನುವಾರ ನಸುಕಿಗೇ ಎದ್ದು ಮನೆಯೆಲ್ಲ ಗ್ಲೌಸು ಹುಡುಕುವುದು ಮಾತ್ರ ನಿಲ್ಲಲಿಲ್ಲ.

ಬಹಳ ವರ್ಷ ಫುಟ್‌ಬಾಲ್ ಅಂದರೆ ನನಗೆ ಒಗೆಯುವ ಕೆಲಸ, ಅಷ್ಟೆ. ವಿದ್ಯಾರಣ್ಯಪುರಂ ಮೈದಾನದ ಕೆಮ್ಮಣ್ಣು ಸೋಪಿಗೆ ಬಗ್ಗುವಂಥದ್ದಲ್ಲ. ಮೊದಲು ಬರೀ ನೀರಿನಲ್ಲಿ ನೆನೆಹಾಕಬೇಕು, ಆ ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಬೇಕು, ಆಮೇಲೆ ಸೋಪು. ಅಂಗಿ ಯಾವ ಕಡೆ ಎಷ್ಟು ಕೆಂಪಾಗಿದೆ ಅಂತ ನೋಡಿಯೇ ಇವತ್ತು ಎಷ್ಟು ಗೋಲು ಬಿಟ್ಟಿದ್ದಾರೆ ಅಂತ ಹೇಳಿಬಿಡುತ್ತಿದ್ದೆ.

ಅವರದು ನಲವತ್ತು ದಾಟಿದವರ ತಂಡ. ಊರಿನಲ್ಲಿ ಅಂಥವು ಇನ್ನೂ ಮೂರಿವೆ. ಚಳಿ ಶುರುವಾದಾಗಿನಿಂದ ಮಳೆ ಹಿಡಿಯುವ ತನಕ ಒಬ್ಬರ ಮೇಲೊಬ್ಬರು ಎರಡೆರಡು ಸಲ ಆಡುತ್ತಾರೆ. ಕಪ್ಪಿಲ್ಲ, ಬಹುಮಾನವಿಲ್ಲ. ಸೋತವರು ಗೆದ್ದವರಿಗೆ ಮೈದಾನದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನಿಸಬೇಕು. ಸಮ ಆದರೆ ಅವರವರ ಇಡ್ಲಿ ಅವರವರದು.

ಹೋದ ವರ್ಷ ಚಳಿಗಾಲದ ಹೊತ್ತಿಗೆ ಇವರ ಮಂಡಿ ನೋವು ಜಾಸ್ತಿಯಾಯಿತು. ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯತೊಡಗಿದರು. ನೆಲದ ಮೇಲೆ ಕೂತು ಊಟ ಮಾಡುವುದು ಬಿಟ್ಟುಹೋಯಿತು. ನಾನು ದಿನಾ ಬೆಳಿಗ್ಗೆ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಮಂಡಿಗೆ ತಿಕ್ಕುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಮೂಗು ಏರಿಸಿ, "ಏನ್ರೀ ಒಗ್ಗರಣೆ ಘಮಘಮ, ಇವತ್ತೇನು ತಿಂಡಿ?" ಅಂತ ಕೇಳಿದರೆ, "ತಿಂಡಿ ಅಲ್ಲ ಕಣ್ರೀ, ನಮ್ಮನೆಯವರು" ಅನ್ನಬೇಕಾಗುತ್ತಿತ್ತು.

ಡಾಕ್ಟರು ಹೇಳಿದ್ದು ಸರಳ. ಹಾರುವುದು, ಬೀಳುವುದು ನಿಲ್ಲಿಸಿ. ನಿಲ್ಲಿಸಿ ಬಂದರೆ ವ್ಯಾಯಾಮ, ಔಷಧಿಯಲ್ಲಿ ದಾರಿಗೆ ತರಬಹುದು. ನಿಲ್ಲಿಸದಿದ್ದರೆ ಆಪರೇಷನ್ನೇ. ಆಸ್ಪತ್ರೆಯಲ್ಲಿ ತಲೆಯಾಡಿಸಿ ಬಂದ ಮನುಷ್ಯ ಶನಿವಾರ ಸಂಜೆ ಶೂ ತೊಳೆಯುತ್ತ ಕೂತಿದ್ದರು.

"ಏನ್ರೀ ಇದು?" ಅಂದೆ.

ಶೂವಿಗೆ ಇನ್ನೊಂದು ಚೊಂಬು ನೀರು ಹೊಯ್ದರು. ಆಮೇಲೆ ಹೇಳಿದರು, "ನೋಡು, ಇಷ್ಟು ವರ್ಷದಲ್ಲಿ ಗೋಲೇ ಬಿಡದೆ ಒಂದು ಮ್ಯಾಚೂ ಆಡಿಲ್ಲ ನಾನು. ಗೆದ್ದಿದೀವಿ, ಬೇಕಾದಷ್ಟು ಸಲ ಗೆದ್ದಿದೀವಿ. ಆದ್ರೆ ಒಂದಾದ್ರೂ ಒಳಗೆ ಹೋಗಿರುತ್ತೆ. ಒಂದು ಮ್ಯಾಚು ಕಣೇ. ಅದಾದ ದಿನ ಗ್ಲೌಸು ಬಿಚ್ಚಿ ನಿನ್ನ ಮಡಿಲಿಗೆ ಹಾಕ್ತೀನಿ. ಡಾಕ್ಟರ ಹತ್ರ ನಾನೇ ಮುಂದೆ ನಡೀತೀನಿ."

ಗಂಡಸರು ಕೊಡುವ ಮಾತಿನಲ್ಲಿ ಇಷ್ಟು ಅಳತೆಯ ಮಾತು ಸಿಗುವುದು ಅಪರೂಪ. ನಾನು ಹಿಡಿದುಕೊಂಡೆ. ಬೇಡ ಅಂತ ಜಗಳವಾಡಿದರೆ ಕದ್ದು ಹೋಗುತ್ತಾರೆ. ಅದರ ಬದಲು ಆ ಒಂದು ಮ್ಯಾಚನ್ನು ಬೇಗ ಮುಗಿಸಿಕೊಟ್ಟರೆ ಮಂಡಿ ಉಳಿಯುತ್ತದೆ. ಹಾಗೆ ಐವತ್ತನ್ನು ದಾಟಿದ ಮೇಲೆ ನಾನು ಫುಟ್‌ಬಾಲಿಗೆ ಇಳಿದೆ.

ಗೋಲು ಬೀಳಬಾರದು ಅಂದರೆ ಗೋಲ್ ಕೀಪರನ್ನು ನೋಡಿ ಪ್ರಯೋಜನವಿಲ್ಲ, ಅವರ ಮುಂದೆ ನಿಂತ ನಾಲ್ವರನ್ನು ನೋಡಬೇಕು. ಆ ನಾಲ್ವರಲ್ಲಿ ನಡುವೆ ನಿಲ್ಲುವವರು ಮಂಡಿ ಮೊಹಲ್ಲಾದಲ್ಲಿ ಅಕ್ಕಿ ಬೇಳೆ ಸಗಟು ವ್ಯಾಪಾರದ ಸಾಹುಕಾರ್ರು. ಆಳು ದೊಡ್ಡದು, ದನಿ ಮೆತ್ತಗೆ. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರೂ ಮುಟ್ಟುವವರಲ್ಲ, ಆದ್ದರಿಂದ ಹಣೆ ತುಂಬ ವಿಭೂತಿ ಧರಿಸಿಯೇ ಮೈದಾನಕ್ಕೆ ಬರುತ್ತಾರೆ. ಅವರು ಹೆಡ್ ಮಾಡಿದ ಬಾಲಿನ ಮೇಲೆ ಬೆಳ್ಳಗೆ ಅಚ್ಚು ಮೂಡಿರುತ್ತದೆ. ಪಕ್ಕದಲ್ಲಿ ಅದೇ ಮೊಹಲ್ಲಾದ ಟೈಲರು, ನನ್ನ ರವಿಕೆಗಳನ್ನೆಲ್ಲ ಹೊಲಿಯುವವರು. ತೆಳ್ಳಗಿನ ಮನುಷ್ಯ, ಬಾಯಿ ಚುರುಕು. ಮೂರನೆಯವನು ನನ್ನ ಸ್ವಂತ ತಮ್ಮ. ಅವನ ಆಟದ ಬಗ್ಗೆ ಅಕ್ಕನಾಗಿ ನಾನು ಹೆಚ್ಚು ಹೇಳಬಾರದು. ನಾಲ್ಕನೆಯವರು ಯಾರು ಅನ್ನುವುದು ಆ ಭಾನುವಾರ ಯಾರಿಗೆ ಎಚ್ಚರವಾಯಿತು ಅನ್ನುವುದರ ಮೇಲೆ.

ಶನಿವಾರ ಸಂಜೆ ಇವರನ್ನೆಲ್ಲ ನಮ್ಮ ಊಟದ ಮೇಜಿಗೆ ಕರೆದೆ. ಕಾಫಿ ಕುಡಿದ ಲೋಟ ನಾಲ್ಕನ್ನು ಸಾಲಾಗಿ ಇಟ್ಟರೆ ನಮ್ಮ ಡಿಫೆನ್ಸು. ನಿಂಬೆಹಣ್ಣುಗಳು ಎದುರಾಳಿಗಳು. ಎಲ್ಲರ ಹಿಂದೆ ಉಪ್ಪಿನಕಾಯಿ ಜಾಡಿ, ನಮ್ಮನೆಯವರು.

"ನಾನು ಜಾಡಿನಾ?" ಅಂದರು.

"ಜಾಗ ಬಿಟ್ಟು ಅಲ್ಲಾಡಬಾರದು ಅಂತ ಡಾಕ್ಟರು ಹೇಳಿಲ್ವಾ?" ಅಂದೆ. ಟೈಲರು ಬಾಯಿ ಮುಚ್ಚಿಕೊಂಡು ನಕ್ಕರು.

ಬಾಲು ಅಂತ ಒಂದು ಹುರಿಗಡಲೆ ಇಟ್ಟೆವು. ನಿಂಬೆಹಣ್ಣು ಬಾಲನ್ನು ತಗೊಂಡು ಎಡಕ್ಕೆ ಬಂದರೆ ಯಾವ ಲೋಟ ಎಲ್ಲಿಗೆ ಸರಿಯಬೇಕು ಅಂತ ಸಾಹುಕಾರ್ರು ಗಂಭೀರವಾಗಿ ತೋರಿಸುತ್ತಿದ್ದರು. ನಡುವೆಯೇ ಬಾಲು ಮಾಯ.

"ಬಾಲ್ ತಿಂದ್ಬುಟ್ಯೇನೋ?" ಅಂದೆ ತಮ್ಮನಿಗೆ.

"ಒಂದೇ ತಾನೇ ಇದ್ದಿದ್ದು ಅಕ್ಕ."

"ಒಂದೇ ಇರೋದು ಕಣೋ ಬಾಲು!"

ಮೊದಲ ಮ್ಯಾಚು ಮಂಡಿ ಮೊಹಲ್ಲಾದ ವರ್ಕ್‌ಶಾಪಿನವರ ಮೇಲೆ. ನಲವತ್ತು ಈಗಷ್ಟೇ ದಾಟಿದವರು, ದಿನಾ ಕಬ್ಬಿಣ ಎತ್ತುವ ಮೈ, ಓಡಲು ಶುರು ಮಾಡಿದರೆ ಬ್ರೇಕಿಲ್ಲ. ಟೈಲರಿಗೆ ಅವರೆಲ್ಲರ ಸೊಂಟದ ಅಳತೆಯೂ ಗೊತ್ತು. "ಅವರ ಜೊತೆ ಓಡೋಕೆ ಹೋಗ್ಬೇಡಿ ಅಕ್ಕಾ, ಓಡಿದ್ರೆ ನಾವು ಸೀದಾ ಆಸ್ಪತ್ರೆಗೆ. ಹಿಂದೇನೇ ನಿಂತ್ಬುಡೋಣ" ಅಂದರು. ಸರಿ, ಲೋಟಗಳನ್ನು ಜಾಡಿಗೆ ತಾಗುವಷ್ಟು ಹಿಂದಕ್ಕೆ ತಂದು, ಮಧ್ಯೆ ಸಂದು ಬಿಡದ ಹಾಗೆ ಒತ್ತಿ ಇಟ್ಟೆವು.

ಭಾನುವಾರ ನಾನು ಮೈದಾನದ ಬದಿಯ ಕಲ್ಲುಬೆಂಚಿನ ಮೇಲೆ ಅವರೆಕಾಯಿ ಚೀಲದ ಜೊತೆ ಹೋಗಿ ಕೂತೆ. ಉಪಾಯ ಎಷ್ಟು ಚೆನ್ನಾಗಿ ನಡೆಯಿತು ಅಂದರೆ, ಓಡಿ ಬಂದವರೆಲ್ಲ ನಮ್ಮವರ ಗೋಡೆಗೆ ಡಿಕ್ಕಿ ಹೊಡೆದು ಹಿಂದೆ ಹೋಗುತ್ತಿದ್ದರು. ನನ್ನ ಅವರೆಕಾಯಿ ಅರ್ಧ ಮುಗಿದಿತ್ತು. ಆಗ ಯಾರೋ ದೂರದಿಂದ ಸುಮ್ಮನೆ ಒಂದು ಒದ್ದರು. ಮೆಲ್ಲಗೆ ಉರುಳುತ್ತ ಬಂದ ಬಾಲು ಸಾಹುಕಾರ್ರ ಕಾಲ ಸಂದಿಯಿಂದ ನುಸುಳಿ ಒಳಗೆ ಹೋಯಿತು. ನಮ್ಮನೆಯವರು ಕದಲಲೇ ಇಲ್ಲ.

"ನನಗೆ ಕಂಡ್ರೆ ತಾನೆ?" ಅಂತ ಮನೆಗೆ ಬಂದು ಕೂಗಾಡಿದರು. "ಎದುರಿಗೆ ಸಾಹುಕಾರ್ರ ಬೆನ್ನು ಬಿಟ್ರೆ ಮೈಸೂರೇ ಕಾಣಿಸ್ತಿರಲಿಲ್ಲ!"

ಎರಡನೆಯದು ಕಾಲೇಜು ಮೇಷ್ಟ್ರುಗಳ ತಂಡ. ಅವರು ಓಡುವುದಿಲ್ಲ. ಒಬ್ಬರಿಗೊಬ್ಬರು ಸಣ್ಣಸಣ್ಣದಾಗಿ ಬಾಲು ಕೊಡುತ್ತ, ಕೊಟ್ಟಿದ್ದಕ್ಕೆ 'ಥ್ಯಾಂಕ್ಸ್' ಅನ್ನುತ್ತ, ತಿರುಗಿ ಕೊಡುತ್ತ ಇರುತ್ತಾರೆ. ಅದರ ಹಿಂದಿನ ವರ್ಷ ನಮ್ಮವರು ಆ ಬಾಲಿನ ಹಿಂದೆ ಓಡಿ ಓಡಿ ನಾಲಿಗೆ ಹೊರಗೆ ಹಾಕಿದ್ದರಂತೆ. ಅಡುಗೆಮನೆಯಲ್ಲಿ ನೊಣದ ಹಿಂದೆ ಬಟ್ಟೆ ಹಿಡಿದು ಓಡಿದ ಅನುಭವ ನನಗಿದೆ. "ಹಿಂದೆ ಹೋಗಬೇಡಿ, ಅದು ಎಲ್ಲಿ ಬಂದು ಕೂರುತ್ತೋ ಅಲ್ಲಿ ನಿಂತುಕೊಳ್ಳಿ" ಅಂದೆ. ಈ ಸಲ ಜಾಡಿಗೆ ಕಣ್ಣು ಕಾಣುವಷ್ಟು ಜಾಗ ಬಿಟ್ಟು ಲೋಟಗಳನ್ನು ಮುಂದಕ್ಕೆ ಇಟ್ಟೆವು.

ನಿಂತರು. ಬಹಳ ತಾಳ್ಮೆಯಿಂದ ನಿಂತರು. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಬಾಲು ಕಾಲಡಿ ಇಟ್ಟುಕೊಂಡು ಯಾರಾದರೂ ಬರಲಿ ಅಂತ ಕಾದರು. ಯಾರೂ ಬರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಎಡಗಡೆ ನೋಡಿದರು, ಬಲಗಡೆ ನೋಡಿದರು, ಹೊಡೆದರು. ಗೋಲು. ಆಮೇಲೆ ಇಡ್ಲಿ ತಿನ್ನುವಾಗ ಅವರೇ ಬಂದು ಕ್ಷಮೆ ಕೇಳಿದರಂತೆ, "ಯಾರೂ ಬರಲಿಲ್ವಲ್ಲ, ನಿಮಗೆ ಬೇಡವೇನೋ ಅಂದ್ಕೊಂಡೆ."

ಆ ಮ್ಯಾಚನ್ನು ನಮ್ಮವರೇ ಗೆದ್ದಿದ್ದರು. ಗೆದ್ದವರ ಇಡ್ಲಿ ತಿಂದು ಬಂದ ನಮ್ಮನೆಯವರು, ಯಾರೋ ತೀರಿಕೊಂಡ ಹಾಗೆ ಮುಖ ಮಾಡಿಕೊಂಡು ವರಾಂಡದಲ್ಲಿ ಕೂತರು. ನಾನು ಎಣ್ಣೆ ಕಾಯಿಸಿದೆ.

ಮೂರನೆಯ ತಂಡ ವಿದ್ಯಾರಣ್ಯಪುರಂನವರದೇ. ಎಲ್ಲ ಎತ್ತರದ ಆಳುಗಳು. ಬಾಲನ್ನು ನೆಲಕ್ಕೆ ತಾಗಿಸುವುದು ಅವಮಾನ ಅನ್ನುವ ಹಾಗೆ ಗಾಳಿಯಲ್ಲೇ ಕಳಿಸುತ್ತಾರೆ, ಮುಂದೆ ನಿಂತ ಒಬ್ಬರು ಅದನ್ನು ತಲೆಗೋ ಕಾಲಿಗೋ ತಗೊಂಡು ಗೋಲಿಗೆ ಹೊಡೆಯುತ್ತಾರೆ. ಅದಕ್ಕೆ ಉಪಾಯವನ್ನೇನೂ ಹುಡುಕಬೇಕಾಗಿರಲಿಲ್ಲ. ಮೇಲಿಂದ ಬಂದ ಬಾಲಿಗೆ ಸಾಹುಕಾರ್ರ ಹಣೆ ಇದೆಯಲ್ಲ. ಮುಂದಿನ ಆ ಒಬ್ಬರ ಪಕ್ಕ ಸಾಹುಕಾರ್ರ ಲೋಟ ಇಟ್ಟರೆ ಮುಗಿಯಿತು ಅಂತ ಇಟ್ಟೆ.

ಸಾಹುಕಾರ್ರು ಲೋಟವನ್ನು ಮೆಲ್ಲಗೆ ಆಚೆ ಸರಿಸಿದರು.

"ಅಲ್ಲಿ ಬ್ಯಾಡಿ ಅಕ್ಕೋರೇ."

"ಯಾಕ್ರೀ?"

"ಅವರು ನಮ್ ಬೀಗ್ರು."

ನನಗೆ ಆಗ ನೆನಪಾಯಿತು. ಸಾಹುಕಾರ್ರ ಕಿರಿ ಮಗಳಿಗೆ ಗಂಡು ಗೊತ್ತಾಗಿ ನಿಶ್ಚಿತಾರ್ಥ ಮುಗಿದು ಇನ್ನೂ ವಾರ ಕಳೆದಿರಲಿಲ್ಲ. ಗಂಡಿನ ತಂದೆಯದು ಊದುಬತ್ತಿ ತಯಾರಿಸುವ ಕಸುಬು. ಆ ಸಂಬಂಧ ಕುದುರಿದ್ದೇ ಹಿಂದಿನ ವರ್ಷ ಇಡ್ಲಿ ತಿನ್ನುವಾಗ. ಆ ಬೀಗರೇ ಈ ತಂಡದ ಮುಂಚೂಣಿಯ ಆಟಗಾರರು.

"ಆಟ ಬೇರೆ, ಬೀಗತನ ಬೇರೆ" ಅಂದ ನನ್ನ ತಮ್ಮ.

"ನಿನಗೇನು, ಹೇಳ್ತೀಯ. ಮದುವೆ ಇನ್ನೂ ಆಗಿಲ್ಲ ಕಣಪ್ಪ" ಅಂದರು ಸಾಹುಕಾರ್ರು.

ನಮ್ಮನೆಯವರು ಮಾತ್ರ ಕೈ ಮುಗಿದರು. "ಸಾಹುಕಾರ್ರೇ, ಎತ್ತರದ ಬಾಲಿಗೆ ನಿಮ್ಮನ್ನ ಬಿಟ್ರೆ ನನಗೆ ಯಾರೂ ಇಲ್ಲ." ಆ ದನಿಗೆ ಸಾಹುಕಾರ್ರು ಕರಗಿದರು. ಲೋಟ ಮತ್ತೆ ನಿಂಬೆಹಣ್ಣಿನ ಪಕ್ಕಕ್ಕೆ ಬಂತು.

ಮ್ಯಾಚು ಮುಕ್ಕಾಲು ಪಾಲು ಮುಗಿಯುವ ತನಕ ಎಲ್ಲ ಸರಿಯಾಗಿಯೇ ಇತ್ತು. ಮೇಲಿಂದ ಬಾಲು ಬರುವುದು, ಸಾಹುಕಾರ್ರ ಹಣೆಗೆ ತಾಗಿ ವಿಭೂತಿ ಹಚ್ಚಿಸಿಕೊಂಡು ಹಿಂದಿರುಗುವುದು. ಬಾಲು ಬೆಳ್ಳಗಾಗಿತ್ತು, ಹಣೆ ಖಾಲಿಯಾಗಿತ್ತು. ಆಗ ಒಂದು ಬಾಲು ಕೆಳಗೆ ಬಿತ್ತು. ಬೀಗರು ಅದನ್ನು ಕಾಲಿಗೆ ತಗೊಂಡರು. ಸಾಹುಕಾರ್ರು ಕಾಲು ಚಾಚಿ ಚೆನ್ನಾಗಿಯೇ ಬಾಲನ್ನು ತಪ್ಪಿಸಿದರು. ಅದರ ಜೊತೆಗೆ ಶೂ ಬೀಗರ ಮೊಣಕಾಲಿನ ಕೆಳಗೆ ಒಂದಿಷ್ಟು ತಗಲಿತು.

ಅಷ್ಟೇ. ಸಾಹುಕಾರ್ರು ನಿಂತೇಬಿಟ್ಟರು. ಬಗ್ಗಿದರು. ಬೀಗರ ಕಾಲನ್ನು ಬಲಗೈಯಿಂದ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಕಾಲು ತಗಲಿದರೆ ನಾವೆಲ್ಲ ಮಾಡುವುದೇ ಅದು. ಬಸ್ಸಿನಲ್ಲಿ ಅಪರಿಚಿತರಿಗೆ ತಗಲಿದರೂ ಕೈ ತಾನಾಗಿ ಹೋಗುತ್ತದೆ, ಇನ್ನು ಬೀಗರಿಗೆ! ಬೀಗರು ಗಾಬರಿಯಾಗಿ, "ಅಯ್ಯೋ, ಬಿಡಿ ಬಿಡಿ, ಏನಿದು ಬೀಗ್ರೇ" ಅಂತ ಇವರ ಭುಜ ಹಿಡಿದು ಎಬ್ಬಿಸುತ್ತಿದ್ದರು. ಅವರಿಬ್ಬರ ಪಕ್ಕದಲ್ಲೇ ಬಾಲು ತಬ್ಬಲಿಯಾಗಿ ನಿಂತಿತ್ತು. ಎಡಗಡೆಯಿಂದ ಅವರ ಕಡೆಯ ಬೋಳುತಲೆಯವರೊಬ್ಬರು ಓಡಿ ಬಂದವರೇ ಅದನ್ನು ಗೋಲಿಗೆ ಒದ್ದರು.

ಆ ದಿನ ಬಿದ್ದದ್ದು ಅದೊಂದೇ ಗೋಲು.

ನಮ್ಮನೆಯವರು ಸಾಹುಕಾರ್ರಿಗೆ ಏನೂ ಅನ್ನಲಿಲ್ಲ. ಅನ್ನುವಂತೆಯೂ ಇರಲಿಲ್ಲ, ತಾವಾಗಿದ್ದರೂ ಅದನ್ನೇ ಮಾಡುತ್ತಿದ್ದರು. ಮನೆಗೆ ಬಂದು ಗ್ಲೌಸನ್ನು ಮೊಳೆಗೆ ನೇತುಹಾಕಿ, "ನಮಸ್ಕಾರಕ್ಕೆ ಗೋಲ್ ಬಿಟ್ಟವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು" ಅಂದರು.

ಎರಡನೆಯ ಸುತ್ತಿನಲ್ಲಿ ವರ್ಕ್‌ಶಾಪಿನವರ ಮೇಲೂ ಕಾಲೇಜಿನವರ ಮೇಲೂ ಒಂದೊಂದು ಒಳಗೆ ಹೋಯಿತು. ವಿವರ ಬೇಡ, ಒಂದಕ್ಕೆ ನನ್ನ ತಮ್ಮನೇ ಕಾರಣ. ಮಾವಿನಕಾಯಿ ಬಂತು, ಬಿಸಿಲು ಏರಿತು, ಸಂಜೆ ಗುಡುಗು ಕೇಳಿಸತೊಡಗಿತು. ಮೆಟ್ಟಿಲು ಇಳಿಯುವಾಗ ಇವರು ಈಗ ಕಂಬಿ ಹಿಡಿಯುತ್ತಿದ್ದರು. ಉಳಿದದ್ದು ಒಂದೇ ಮ್ಯಾಚು, ಬೀಗರ ತಂಡದ ಮೇಲೆ. ಅದೂ ತಪ್ಪಿದರೆ ಮುಂದಿನ ಚಳಿಗಾಲದ ತನಕ ಕಾಯುವುದು, ಅಷ್ಟು ಹೊತ್ತಿಗೆ ಆ ಮಂಡಿ ಡಾಕ್ಟರ ಕತ್ತರಿಗೇ ಸರಿ.

ಶನಿವಾರ ಸಂಜೆ ಸಾಹುಕಾರ್ರು ಬರುವಾಗಲೇ ತೀರ್ಮಾನ ಮಾಡಿಕೊಂಡು ಬಂದಿದ್ದರು. "ನನ್ನನ್ನ ಈ ಮ್ಯಾಚಿಗೆ ಬುಟ್ಬುಡಿ. ಹೊರಗೆ ಕೂತ್ಕೋತೀನಿ."

"ನೀವಿಲ್ದೆ ಎತ್ತರದ ಬಾಲು ಯಾರು ಹೊಡೀತಾರೆ? ನಾನು ಹಾರಿದ್ರೆ ಅವರ ಜೇಬಿನ ತನಕ ಬರ್ತೀನಿ" ಅಂದರು ಟೈಲರು.

ನಾನು ಲೋಟ ನಿಂಬೆಹಣ್ಣು ಎರಡನ್ನೂ ನೋಡುತ್ತ ಕೂತಿದ್ದೆ. ಕಲ್ಲುಬೆಂಚಿನಿಂದ ಕಂಡದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿದೆ. ಸಾಹುಕಾರ್ರು ಬಗ್ಗಿದರು. ಬೀಗರು ಅವರ ಭುಜ ಹಿಡಿದರು. ಬಾಲು ಅಲ್ಲೇ ಇತ್ತು.

"ಅಲ್ಲ, ಅವತ್ತು ನೀವು ನಿಂತಿರಿ ಸರಿ. ಅವರೂ ನಿಂತ್ರಲ್ಲ?" ಅಂದೆ.

"ನಿಲ್ದೆ ಇರ್ತಾರಾ? ಮರ್ಯಾದಸ್ಥರು."

"ಹಂಗಾದ್ರೆ ಗೋಲು ಹೊಡೆದಿದ್ದು ಬೀಗರಲ್ಲ. ಬೋಳುತಲೆಯವರು."

ಎಲ್ಲರೂ ನನ್ನ ಮುಖ ನೋಡಿದರು. ನಾನು ಸಾಹುಕಾರ್ರ ಲೋಟವನ್ನು ನಿಂಬೆಹಣ್ಣಿಗೆ ಅಂಟಿಸಿ ಇಟ್ಟೆ. "ನೀವು ಅವರನ್ನ ತಡೀಬೇಡಿ. ಪಕ್ಕದಲ್ಲಿ ಇರಿ, ಸಾಕು. ಮೇಲಿಂದ ಬಂದದ್ದು ಹಣೆಗೆ. ಕೆಳಗೆ ಬಂದದ್ದನ್ನ ಮುಟ್ಟೋಕೇ ಹೋಗಬೇಡಿ. ನೀವಿದ್ದ ಕಡೆ ಅವರೂ ನಿಮ್ಮನ್ನ ದಾಟಿಕೊಂಡು ಹೋಗಲ್ಲ. ಮಿಕ್ಕವರು ಬೋಳುತಲೆ ನೋಡ್ಕೊಳ್ಳಿ."

"ಬರೀ ಪಕ್ಕದಲ್ಲಿ ನಿಂತು ಏನ್ ಮಾಡ್ಲಿ?"

"ಮಾತಾಡಿ. ಮದುವೆ ಮಾತಾಡೋದಿಲ್ವಾ?"

"ಅಕ್ಕ, ಇದು ಮೋಸ" ಅಂದ ತಮ್ಮ.

"ಬೀಗರು ಬೀಗರ ಹತ್ರ ಮಾತಾಡೋದು ಮೋಸ ಹೆಂಗಾಗುತ್ತೆ? ನೀನು ಬೋಳುತಲೆ ಹಿಂದೆ ಹೋಗು. ಬಾಲ್ ನೋಡಬೇಡ, ತಲೆ ನೋಡು. ಹೊಳೆಯುತ್ತೆ, ತಪ್ಪಿಸ್ಕೊಳ್ಳಲ್ಲ."

ಟೈಲರು ತಮ್ಮ ಲೋಟವನ್ನು ತಾವೇ ಎತ್ತಿ ಇಬ್ಬರ ಹಿಂದೆ ಇಟ್ಟುಕೊಂಡರು. "ರವಿಕೆಗೆ ಲೈನಿಂಗ್ ಕೊಟ್ಟಂಗೆ ನಾನು ಒಳಗಡೆ ಇರ್ತೀನಿ. ಮೇಲಿನ ಬಟ್ಟೆ ಹರಿದ್ರೂ ಮಾನ ಹೋಗಲ್ಲ."

ಭಾನುವಾರ ದಂಟಿನ ಸೊಪ್ಪಿನ ಕಟ್ಟು ತಗೊಂಡು ಕಲ್ಲುಬೆಂಚಿಗೆ ಹೋದರೆ ಅಲ್ಲಿ ಆಗಲೇ ಒಬ್ಬರು ಕೂತಿದ್ದರು. ಜರಿಯಂಚಿನ ಸೀರೆ, ಕೈಯಲ್ಲಿ ನೀರಿನ ಬಾಟಲಿ. ಊದುಬತ್ತಿಯವರ ಹೆಂಡತಿ, ಸಾಹುಕಾರ್ರಿಗೆ ಬೀಗಿತ್ತಿ. ನಗುತ್ತ ಜಾಗ ಮಾಡಿಕೊಟ್ಟು, ಅರ್ಧ ಕಟ್ಟು ಸೊಪ್ಪನ್ನು ತಾವೇ ಇಸಿದುಕೊಂಡು ಬಿಡಿಸತೊಡಗಿದರು.

ಆಟ ಶುರುವಾಯಿತು. ಸಾಹುಕಾರ್ರು ಸೀದಾ ಬೀಗರ ಪಕ್ಕಕ್ಕೆ ಹೋಗಿ ನಿಂತರು. ನಮಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದರು.

"ಛತ್ರಕ್ಕೆ ಅಡ್ವಾನ್ಸ್ ಕೊಟ್ಟೆ ಬೀಗ್ರೇ."

"ಒಳ್ಳೇದಾಯ್ತು. ಅಡುಗೆಯವರು?"

"ಅದನ್ನೇ ಕೇಳೋಣ ಅಂತ. ಸಿಹಿಗೆ ಹೋಳಿಗೆನೋ, ಮೈಸೂರು ಪಾಕೋ?"

"ಎರಡೂ ಇರ್ಲಿ ಬುಡಿ."

ಮೇಲಿಂದ ಒಂದು ಬಾಲು ಬಂತು. ಸಾಹುಕಾರ್ರು ಮಾತಿನ ನಡುವೆಯೇ ಹಾರಿ ಹೆಡ್ ಮಾಡಿ, ಇಳಿದು, "ಎರಡೂ ಅಂದ್ರೆ ಪಾಯಸ ಬ್ಯಾಡ್ವಾ?" ಅಂದರು. ಬೋಳುತಲೆಯವರು ಎಲ್ಲಿ ಹೋದರೆ ಅಲ್ಲಿ ನನ್ನ ತಮ್ಮ. ಅವರು ನೀರು ಕುಡಿಯಲು ಹೋದರೂ ಹಿಂದೆ ಹೋದ. ಗೋಲಿನಲ್ಲಿ ನಮ್ಮನೆಯವರಿಗೆ ಕೆಲಸವೇ ಇಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತ ನಿಂತಿದ್ದರು. ರೆಫ್ರಿ ಒಂದು ಸಲ ಹತ್ತಿರ ಬಂದು, "ಸ್ವಾಮಿ, ಲಗ್ನಪತ್ರಿಕೆ ಆಮೇಲೆ ಬರೀರಿ, ಈಗ ಆಡಿ" ಅಂದರು. ಇಬ್ಬರೂ ಒಟ್ಟಿಗೆ "ಆಡ್ತಾ ಇದೀವಲ್ಲ" ಅಂದರು.

ನನಗೆ ಒಳಗೊಳಗೇ ಹೆಮ್ಮೆ. ಆದರೂ ಪಕ್ಕದಲ್ಲಿ ಕೂತು ನನ್ನ ಸೊಪ್ಪು ಬಿಡಿಸುತ್ತಿರುವಾಕೆಯ ಗಂಡನನ್ನು ಹೀಗೆ ಕಟ್ಟಿಹಾಕಿದ್ದೇನಲ್ಲ ಅಂತ ಸ್ವಲ್ಪ ಮುಜುಗರ. "ನಿಮ್ಮನೆಯವರಿಗೆ ಇವತ್ತು ಆಡೋಕೇ ಬಿಡ್ತಿಲ್ಲ ನಮ್ಮ ಸಾಹುಕಾರ್ರು" ಅಂದೆ.

ಬೀಗಿತ್ತಿ ದಂಟಿನ ನಾರು ಎಳೆಯುತ್ತ ನಕ್ಕರು. "ಅಯ್ಯೋ, ನಾನೇ ಹೇಳಿ ಕಳಿಸಿದ್ದು ಕಣಮ್ಮ. ಅವರ ಕಡೆ ಹೆಡ್ ಮಾಡೋರು ಬೀಗ್ರೊಬ್ಬರೇ, ಮದುವೆ ಮಾತು ತೆಗೆದು ಹಿಡ್ಕೊಂಬುಡಿ, ಮಿಕ್ಕೋರು ಗೋಲ್ ಹೊಡ್ಕೋತಾರೆ ಅಂತ. ನಮ್ಮೋರು ಹೆಂಗೆ ಹಿಡ್ಕೊಂಡಿದಾರೆ ನೋಡಿ!"

ನಾನು ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಹಿಡಿದು ಕೂತೆ. ನಮ್ಮ ಮನೆಯಂಥದ್ದೇ ಒಂದು ಊಟದ ಮೇಜು, ಅಲ್ಲಿನ ಲೋಟ, ಅಲ್ಲಿನ ನಿಂಬೆಹಣ್ಣು ಕಣ್ಣಿಗೆ ಬಂತು. ಹೇಳಿಬಿಡೋಣ ಅನ್ನಿಸಿತು. ಮ್ಯಾಚು ಮುಗಿಯಲಿ ಅಂತ ಬಾಯಿ ಮುಚ್ಚಿಕೊಂಡೆ.

ಮುಗಿಯುವ ಹೊತ್ತಿಗೆ ಎರಡೂ ಕಡೆ ಸೊನ್ನೆ. ರೆಫ್ರಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಆಗ ಬೋಳುತಲೆಯವರು ಎಡಗಡೆಯಿಂದ ಅಡ್ಡಕ್ಕೆ ಒಂದು ಬಾಲು ಒದ್ದರು. ಮೇಲೆ ಹೋಗಲಿಲ್ಲ, ನೆಲದ ಮೇಲೆಯೇ ಬಂತು. ಲೈನಿಂಗ್ ಆಗಿ ನಿಂತಿದ್ದ ಟೈಲರ ಕಾಲು ಒಂದು ಗೇಣು ಕಮ್ಮಿಯಾಯಿತು. ಬಾಲು ಉರುಳುತ್ತ ಬಂದು ಗೋಲಿಗೆ ಎದುರಾಗಿ, ಇಬ್ಬರು ಬೀಗರ ನಡುವೆ ಸರಿಯಾಗಿ ನಿಂತಿತು.

ಬೀಗರು ಕಾಲು ಎತ್ತಿದರು. ಸಾಹುಕಾರ್ರನ್ನು ನೋಡಿದರು. ಕಾಲು ಇಳಿಸಿದರು.

"ತಗೊಳ್ಳಿ ಬೀಗ್ರೇ."

"ಛೆ ಛೆ, ನೀವು ಗಂಡಿನ ಕಡೆಯವರು. ನೀವು ಮೊದಲು."

"ಎಲ್ಲಾದ್ರೂ ಉಂಟಾ? ನಿಮ್ಮ ಗೋಲಿನ ಮುಂದೆ ಬಂದು ನಿಂತಿದೀನಿ, ನಾನು ಅತಿಥಿ. ನೀವೇ..."

"ಒದೀರೋ ಯಾರಾದ್ರೂ!" ಅಂತ ಎರಡೂ ತಂಡದವರು ಕೂಗುತ್ತಿದ್ದರು. ನನ್ನ ಪಕ್ಕದಲ್ಲಿ ಬೀಗಿತ್ತಿ ಎದ್ದು ನಿಂತಿದ್ದರು. ಎಡಗಡೆಯಿಂದ ಬೋಳುತಲೆ ಹೊಳೆಯುತ್ತ ಬರುತ್ತಿತ್ತು, ಅದರ ಹಿಂದೆಯೇ ನನ್ನ ತಮ್ಮ ಮೂರು ಮಾರು ದೂರದಲ್ಲಿ ಏದುಸಿರು ಬಿಡುತ್ತ. ಹೋದ ಸಲ ನಡೆದದ್ದೇ ಮತ್ತೆ ನಡೆಯುವುದಿತ್ತು.

ಆಗ ಜಾಡಿ ಅಲ್ಲಾಡಿತು. ನಮ್ಮನೆಯವರು ಗೋಲು ಬಿಟ್ಟು ಓಡಿ ಬಂದರು. ಮೆಟ್ಟಿಲು ಇಳಿಯಲು ಕಂಬಿ ಹಿಡಿಯುವ ಮನುಷ್ಯ! "ರೀ, ಬೇಡ!" ಅಂದೆ, ಯಾರಿಗೆ ಕೇಳಿಸಬೇಕು? ಇಬ್ಬರು ಬೀಗರ ಕಾಲ ನಡುವೆ ಉದ್ದಕ್ಕೆ ಬಿದ್ದು, ಬಾಲನ್ನು ಎರಡೂ ಕೈಯಿಂದ ಬಾಚಿ ಎದೆಗೆ ಒತ್ತಿಕೊಂಡರು. ಬೋಳುತಲೆಯವರು ನಿಲ್ಲಲಾಗದೆ ಮೇಲಿಂದ ಹಾರಿಕೊಂಡು ಹೋದರು. ರೆಫ್ರಿ ಸೀಟಿ ಊದಿದರು.

ಎಲ್ಲರೂ ಕುಣಿಯುತ್ತಿದ್ದರು. ನಾನು ಸೊಪ್ಪು ಚೆಲ್ಲಿಕೊಂಡು ಓಡಿದೆ. ಹೋಗಿ ನೋಡಿದರೆ ಇವರು ಇನ್ನೂ ಮಣ್ಣಿನಲ್ಲೇ ಮುದುಡಿಕೊಂಡು ಬಾಲನ್ನು ತಬ್ಬಿ ಮಲಗಿದ್ದಾರೆ. ಒಂದು ಕಡೆ ಸಾಹುಕಾರ್ರು, ಇನ್ನೊಂದು ಕಡೆ ಬೀಗರು, ಇಬ್ಬರೂ ಬಗ್ಗಿ ಬಗ್ಗಿ ಇವರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾರೆ. ಇಬ್ಬರ ಶೂವೂ ಇವರ ತಲೆಗೆ ತಗಲಿತ್ತಂತೆ.

"ಮಂಡಿ ಹೆಂಗಿದೆ?" ಅಂದೆ.

"ಯಾವ ಮಂಡಿ?" ಅಂದರು.

ಎಬ್ಬಿಸಿ ನಿಲ್ಲಿಸಿದೆವು. ಕುಂಟುತ್ತ ಬೆಂಚಿನ ತನಕ ಬಂದು ಕೂತರು. ಉಸಿರು ತಹಬಂದಿಗೆ ಬರಲು ಹೊತ್ತು ಹಿಡಿಯಿತು. ನನಗೆ ಭಯ ಬೇರೆಯೇ. ಮನಸ್ಸು ಬದಲಾಯಿಸಿದರೆ? ಇಷ್ಟು ರುಚಿ ಹತ್ತಿದ ಮೇಲೆ ಯಾರು ಬಿಡುತ್ತಾರೆ? ಇವರು ಎಡಗೈಯ ಗ್ಲೌಸು ಬಿಚ್ಚಿದರು. ಬಲಗೈಯದನ್ನು ಹಲ್ಲಿನಿಂದ ಎಳೆದು ಬಿಚ್ಚಿದರು. ಎರಡನ್ನೂ ಒಂದರ ಮೇಲೊಂದು ಇಟ್ಟು, ಸೊಪ್ಪಿನ ನಾರು ತುಂಬಿದ ನನ್ನ ಮಡಿಲಿಗೆ ಹಾಕಿದರು.

"ನೀನು ನನ್ನ ಹತ್ರ ಬಾಲೇ ಬರದಂಗೆ ಮಾಡಿಟ್ಟಿದ್ದೆ. ಹಂಗೇ ಮುಗಿದಿದ್ರೆ ಖಂಡಿತ ಬಿಡ್ತಿರ್ಲಿಲ್ಲ ಕಣೇ. ಒಂದಾದ್ರೂ ಬಂತಲ್ಲ" ಅಂದರು.

ಇಡ್ಲಿ ತಿನ್ನುವಾಗ ಬೀಗಿತ್ತಿಗೆ ನಮ್ಮ ಮೇಜಿನ ಸಂಗತಿ ಹೇಳಿದೆ. ನಗು ತಡೆಯಲಾರದೆ ಅವರ ಚಟ್ನಿ ಪಕ್ಕದ ಎಲೆಗೆ ಹೋಯಿತು. ಅವರ ಮನೆಯಲ್ಲಿ ಲೋಟವಲ್ಲವಂತೆ, ಊದುಬತ್ತಿ ಪೊಟ್ಟಣಗಳು.

ಸೋಮವಾರ ಬೆಳಿಗ್ಗೆ ಎಣ್ಣೆ ಕಾಯಿಸಲು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಇವರು ಪ್ಯಾಂಟು ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು, "ಡಾಕ್ಟರ ಹತ್ರ ಹೋಗೋಣ ನಡಿ" ಅಂದರು. ಮೆಟ್ಟಿಲನ್ನು ಅಡ್ಡಡ್ಡವೇ ಇಳಿದರು, ಆದರೆ ಹೇಳಿದ ಹಾಗೆ ನನಗಿಂತ ಮುಂದೆ. ಡಾಕ್ಟರು ಮಂಡಿ ಒತ್ತಿ, ಮಡಿಸಿ ನೋಡಿ, ಸದ್ಯ ಕತ್ತರಿ ಬೇಡ, ವ್ಯಾಯಾಮ ಶುರು ಮಾಡಿ ಅಂದರು. ಈಗ ದಿನಾ ಬೆಳಿಗ್ಗೆ ಹಾಸಿಗೆಯ ಮೇಲೆ ಮಲಗಿ ಕಾಲೆತ್ತಿ ಕಾಲಿಳಿಸುತ್ತಾರೆ, ನಾನು ಒಗ್ಗರಣೆಯನ್ನು ತಿಂಡಿಗೇ ಹಾಕುತ್ತೇನೆ. ಗ್ಲೌಸು ಒಗೆದು ಒಣಗಿಸಿ ಮೊಳೆಗೆ ಹಾಕಿದ್ದೇನೆ. ಹಲಸಿನ ಹಣ್ಣು ಬಿಡಿಸಲು ಒಳ್ಳೆಯದು ಅಂತ ಒಂದು ಸಲ ತೆಗೆದದ್ದಕ್ಕೆ ಆದ ರಂಪ ಇಲ್ಲಿ ಬರೆಯುವುದಿಲ್ಲ.

ಸಾಹುಕಾರ್ರ ಮಗಳ ಮದುವೆ ಮುಗಿಯಿತು, ಮಳೆಯೂ ಮುಗಿಯಿತು. ಮ್ಯಾಚು ಮತ್ತೆ ಶುರುವಾಗುವ ಹಿಂದಿನ ಶನಿವಾರ ಸಂಜೆ ಯಾರೂ ಕರೆಯದೆ ಎಲ್ಲರೂ ಬಂದರು. ಕಾಫಿ ಕುಡಿದರು, ಲೋಟ ಸಾಲಾಗಿ ಇಟ್ಟರು. ಜಾಡಿಯ ಜಾಗಕ್ಕೆ ಬಂದಾಗ ಎಲ್ಲರ ಕೈಯೂ ನಿಂತಿತು. ನಮ್ಮನೆಯವರೇ ಎದ್ದು ಹೋಗಿ, ಅಡುಗೆಮನೆಯಿಂದ ಸಕ್ಕರೆ ಡಬ್ಬಿ ತಂದು ಅಲ್ಲಿಟ್ಟು, "ಹೊಸ ಕೀಪರು ಇವರು. ಅವರಿಗೆ ಕಣ್ಣು ಕಾಣುವಷ್ಟು ಜಾಗ ಬಿಡಿ" ಅಂದರು. ಉಪ್ಪಿನಕಾಯಿ ಜಾಡಿಯನ್ನು ಮೇಜಿನ ಅಂಚಿಗೆ, ನನ್ನ ಕುರ್ಚಿಯ ಪಕ್ಕಕ್ಕೆ ಸರಿಸಿದರು.

"ಸರಿ, ಈಗ ಬಾಲು ಎಡಗಡೆಯಿಂದ ಬಂತು ಅಂದ್ಕೊಳ್ಳಿ" ಅಂತ ನಾನು ಕೈ ಚಾಚಿದರೆ ಬಾಲಿಲ್ಲ.

ನನ್ನ ತಮ್ಮ ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಅಗಿಯುತ್ತಿದ್ದ.